ಓಡೋದ್ಲು, ಓಡಕ್ಕೋದ್ಲು

ನಮ್ಮ ಕಡೆ ಹಳ್ಳಿಗಳಲ್ಲಿ ದೊಡ್ಡವರು ಓಡಬೇಕಾದರೆ ಅದಕ್ಕೊಂದು ಕಾರಣ ಬೇಕು. ಹಸು ಹಗ್ಗ ಕಿತ್ತುಕೊಂಡಿರಬೇಕು, ಬಸ್ಸು ಹೊರಟಿರಬೇಕು, ಇಲ್ಲವೇ ಯಾರದೋ ಉಸಿರು ನಿಂತಿರಬೇಕು. ಇದ್ಯಾವುದೂ ಆಗದೆ, ಮದುವೆಯಾಗಿ ಒಂದು ಹೆಣ್ಣು ಮಗುವಿರುವ, ಊರಿನ ಡೇರಿಗೆ ಕಾರ್ಯದರ್ಶಿಯಾಗಿರುವ ಹೆಂಗಸು ವೇಲನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬೂಟು ಹಾಕಿಕೊಂಡು, ಹಾಡಹಗಲಲ್ಲಿ ನಾಲೆ ಏರಿಯ ಮೇಲೆ ಓಡಿದರೆ ಜನ ಗಾಬರಿಯಾಗುವುದು ಸಹಜ ಎಂದು ನೀವು ಹೇಳಬಹುದು. ರಂಜಿತಾಳ ಮುಂದೆ ಮಾತ್ರ ಹೇಳಬೇಡಿ. ಆ 'ಸಹಜ' ಎಂಬ ಮಾತು ಕೇಳಿದರೆ ಅವಳಿಗೆ ಈಗಲೂ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ.

ಮೊದಮೊದಲು ಬೈಕಿನವರು ಗಾಡಿ ನಿಲ್ಲಿಸುತ್ತಿದ್ದರು.

"ಏನಾಯ್ತಕ್ಕ? ಕುಂತ್ಕಳಿ, ಬುಡ್ತೀನಿ."

"ಏನೂ ಆಗಿಲ್ಲ. ಸುಮ್ನೆ ಓಡ್ತಿದೀನಿ."

"ಸುಮ್‌ಸುಮ್ನೆ ಯಾರಾರ ಓಡ್ತಾರಾ?"

ಅವಳು ಓಡುತ್ತಲೇ ಮುಂದೆ ಹೋಗುತ್ತಿದ್ದಳು. ಕೆಲವರು ಅಷ್ಟಕ್ಕೇ ಬಿಡದೆ ಪಕ್ಕದಲ್ಲೇ ಗಾಡಿ ಬಿಟ್ಟುಕೊಂಡು ಬಂದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಮಗು ಸ್ಕೂಲಿನಲ್ಲಿ ಬಿತ್ತೇ ಎಂದು ವಿಚಾರಿಸುತ್ತಿದ್ದರು. ಒಬ್ಬ ಮುದುಕ, ಸಕ್ಕರೆ ಕಾಯಿಲೆಗೆ ಓಡುತ್ತೀಯಾ ಎಂದು ಕೇಳಿದ. ಹೌದು ಎಂದಳು. ಆಮೇಲೆ ಅವನೊಬ್ಬ ತೊಂದರೆ ಕೊಡಲಿಲ್ಲ.

ಓಟ ಶುರುವಾದದ್ದೇ ಸಿಟ್ಟಿನಿಂದ. ದಂಡಿಗನಹಳ್ಳಿ ಹೋಬಳಿಯ ಆ ಊರಿನ ಡೇರಿಯಲ್ಲಿ ಕೆಲಸಕ್ಕಿರುವವರು ಇಬ್ಬರು. ಹಾಲು ಅಳೆದು ಕ್ಯಾನಿಗೆ ಸುರಿಯುವ ಬೈರಯ್ಯ ಒಬ್ಬ; ಒಂದೊಂದು ಮನೆಯ ಹಾಲನ್ನೂ ಮಿಷನ್ನಿಗೆ ಹಿಡಿದು, ಫ್ಯಾಟು ಎಷ್ಟಿದೆ, ನೀರು ಬೆರೆತಿದೆಯೇ ಎಂದು ನೋಡಿ ಚೀಟಿ ಕೊಡುವ ರಂಜಿತಾ ಇನ್ನೊಬ್ಬಳು. ಕಾರ್ಯದರ್ಶಿ ಎಂದು ಹೆಸರು ದೊಡ್ಡದು. ಕೆಲಸ ಬೆಳಿಗ್ಗೆ ಆರಕ್ಕೆ ಶೆಟರ್ ಎತ್ತುವುದರಿಂದ ಹಿಡಿದು ಸಂಜೆಯ ಹಾಲು ಮುಗಿಸಿ ನೆಲ ತೊಳೆಸುವ ತನಕ. ಚೀಟಿಯಲ್ಲಿ ಫ್ಯಾಟು ಕಡಿಮೆ ಬಂದರೆ ತಪ್ಪು ಹಸುವಿನದಲ್ಲ, ಹುಲ್ಲಿನದಲ್ಲ, ಕ್ಯಾನಿಗೆ ಚೊಂಬು ನೀರು ಬೆರೆಸಿದ ಕೈಯದಂತೂ ಅಲ್ಲವೇ ಅಲ್ಲ. ತಪ್ಪು ರಂಜಿತಾಳದು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಒಬ್ಬ ಯಜಮಾನ ಎಲ್ಲರ ಮುಂದೆ, "ಮಿಷನ್ ನಿನ್ ಕೈಲೈತೆ, ಯಾರ್ ಮನೆ ಉದ್ಧಾರ ಮಾಡ್ತಿದ್ದಿಯೋ ನಮ್ಗೂ ಗೊತ್ತು ಬುಡು" ಎಂದ.

ಹಾಲಿನ ವ್ಯಾನು ಹೋಗುವ ತನಕ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಆಮೇಲೆ ಶೆಟರ್ ಎಳೆದು, ಮನೆಯ ದಾರಿ ಹಿಡಿಯದೆ ನಾಲೆ ಏರಿ ಹತ್ತಿದಳು. ನಡೆದಳು, ಬಿರಬಿರನೆ ನಡೆದಳು, ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ತೂಬಿನ ಹತ್ತಿರ ಕುಸಿದು ಕೂತಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ಯಜಮಾನನ ಮುಖ ಮಾತ್ರ ಎಷ್ಟು ನೆನೆದರೂ ಕಣ್ಣ ಮುಂದೆ ಬರಲಿಲ್ಲ. ಇದು ಚೆನ್ನಾಗಿದೆಯಲ್ಲ ಅನ್ನಿಸಿತು. ಅಂದಿನಿಂದ ಸಿಟ್ಟು ಬಂದಾಗಲೆಲ್ಲ ಓಡಿದಳು. ಡೇರಿಯಲ್ಲಿ ಸಿಟ್ಟಿಗೇನು ಬರವೇ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದೋ ಮೀಟಿಂಗಿಗೆಂದು ಹಾಸನಕ್ಕೆ ಹೋದವಳ ಕಣ್ಣಿಗೆ ಒಂದು ಬ್ಯಾನರ್ ಬಿತ್ತು. ಡಿಸೆಂಬರಿನ ಒಂದು ಭಾನುವಾರ ಹಾಫ್ ಮ್ಯಾರಥಾನ್, ಇಪ್ಪತ್ತೊಂದು ಕಿಲೋಮೀಟರ್. ನಿಂತಲ್ಲೇ ಫೋನಿನಲ್ಲಿ ಹೆಸರು ಬರೆಸಿದಳು. ಗಂಡ ಶಶಿಕಿರಣನಿಗೆ ಚನ್ನರಾಯಪಟ್ಟಣದಲ್ಲಿ ಪೈಪು, ಮೋಟರು ಮಾರುವ ಅಂಗಡಿ. ಬೆಳಿಗ್ಗೆ ತಿಂಡಿ ತಿಂದು ಹೋದರೆ ಮನೆ ಸೇರುವುದು ರಾತ್ರಿ ಊಟದ ಹೊತ್ತಿಗೆ. ಅವಳು ವಿಷಯ ಹೇಳಿದಾಗ ಅವನು ಟಿವಿಯಿಂದ ಕಣ್ಣು ತೆಗೆಯದೆ, "ಓಡು, ಯಾರ್ ಬ್ಯಾಡ ಅಂದ್ರು" ಎಂದ. ಒಪ್ಪಿಗೆ ಎಂದರೆ ಒಪ್ಪಿಗೆ. ಆದರೆ ಬಾಡಿಗೆ ಮನೆಗೆ ಬಂದವರು ಮೊಳೆ ಹೊಡೆಯಲೇ ಎಂದು ಕೇಳಿದರೆ ಮಾಲೀಕ ಕೊಡುವ ಒಪ್ಪಿಗೆಯ ಥರ ಇತ್ತು ಅದು.

ತರಬೇತಿಗೆಂದು ಫೋನಿನಲ್ಲಿ ಒಂದು ವೇಳಾಪಟ್ಟಿ ಸಿಕ್ಕಿತು. ಭಾನುವಾರ ಬೆಳಿಗ್ಗೆ ದೂರದ ಓಟ, ಸೋಮವಾರ ಪೂರ್ತಿ ವಿಶ್ರಾಂತಿ, ದಿನಾ ಎಂಟು ಗಂಟೆ ನಿದ್ದೆ. ಅದನ್ನು ಬರೆದ ಪುಣ್ಯಾತ್ಮನ ಮನೆಯಲ್ಲಿ ಹಸು ಇಲ್ಲ, ಸ್ಕೂಲ್ ವ್ಯಾನಿಗೆ ಹತ್ತಿಸಬೇಕಾದ ಮಗು ಇಲ್ಲ, ರೊಟ್ಟಿ ಬೇರೆಯವರು ತಟ್ಟುತ್ತಾರೆ ಎಂಬುದು ರಂಜಿತಾಳಿಗೆ ಓದಿದ ಕೂಡಲೇ ಗೊತ್ತಾಯಿತು. ಹಸುವಿಗೆ ಭಾನುವಾರ ಇಲ್ಲ. ಹಾಗಾಗಿ ಅವಳ ಭಾನುವಾರ ಗುರುವಾರವಾಯಿತು. ವ್ಯಾನು ಹೋದ ಮೇಲೆ ಮನೆಗೆ ಬಂದು, ಮಧ್ಯಾಹ್ನದ ಅಡಿಗೆಯನ್ನೂ ಮುಗಿಸಿ, ಜನ ನೆರಳು ಹುಡುಕುವ ಹೊತ್ತಿನಲ್ಲಿ ಏರಿ ಹತ್ತುತ್ತಿದ್ದಳು. ಬಿಸಿಲು ಬೇರೆ, ಎಮ್ಮೆ ಹಿಂಡು ಬೇರೆ, ನಾಯಿ ಬೇರೆ. ಸಂಜೆ ಐದಕ್ಕೆ ಮತ್ತೆ ಮಿಷನ್ ಮುಂದೆ ನಿಂತಾಗ ಮೀನಖಂಡ ಗಂಟುಕಟ್ಟಿ ಸೆಳೆಯುತ್ತಿತ್ತು. ಮ್ಯಾರಥಾನಿನ ಭಾನುವಾರಕ್ಕೆಂದು ಡೇರಿ ಅಧ್ಯಕ್ಷರಾದ ಈಶ್ವರಯ್ಯನವರ ಹತ್ತಿರ ರಜೆ ಕೇಳಿದಳು. ಆ ಒಂದು ಬೆಳಿಗ್ಗೆ ನನ್ನ ತಮ್ಮನ ಮಗನನ್ನು ಮಿಷನ್ ಮುಂದೆ ನಿಲ್ಲಿಸುತ್ತೇನೆ ಬಿಡು ಎಂದರು.

ಇನ್ನು ಮೂರು ವಾರ ಇದೆ ಎನ್ನುವಾಗ ಆ ಗುರುವಾರ ಬಂತು. ಅಂದು ಎಲ್ಲಕ್ಕಿಂತ ದೂರದ ಓಟ, ಶಾಂತಿಗ್ರಾಮದ ಕಡೆಗೆ ಹೋಗಿ ವಾಪಸು. ಹೊರಡುವ ಮುಂಚೆ ಅತ್ತೆ ಕಮಲಾಕ್ಷಮ್ಮನಿಗೆ ಹೇಳಿಯೇ ಹೋದಳು. ಅವಳು ಏರಿ ಹತ್ತಿದ ಸ್ವಲ್ಪ ಹೊತ್ತಿಗೆ ಅತ್ತೆಯ ಮಗಳು ಸರ್ವಮಂಗಳಾ ಹೊಳೆನರಸೀಪುರದಿಂದ ತಾಯಿಗೆ ಫೋನು ಮಾಡಿದಳು.

"ರಂಜಿತಾ ಎಲ್ಲವ್ವಾ?"

"ಓಡಕ್ಕೋದ್ಲು ಕಣೆ."

ಮುದುಕಿಯ ಬಾಯಿ ತುಂಬ ಎಲೆಅಡಿಕೆ. 'ಓಡುವುದಕ್ಕೆ ಹೋದಳು' ಎಂಬ ಉದ್ದನೆಯ ಮಾತು ನಮ್ಮವರ ಬಾಯಲ್ಲಿ ಹಕಾರ ಕಳೆದುಕೊಂಡು ಅಷ್ಟೇ ಆಗುವುದು. ಅದರೊಳಗಿನ ಒಂದು 'ಕ್ಕೆ' ಎಲೆಅಡಿಕೆಯ ರಸದಲ್ಲಿ ಮುಳುಗಿತೋ, ಸಿಗ್ನಲ್ ನುಂಗಿತೋ, ಹೊಳೆನರಸೀಪುರದಲ್ಲಿ ಕೇಳಿಸಿದ್ದು 'ಓಡೋದ್ಲು' ಎಂದು. ಓಡಕ್ಕೋದವಳು ಬೆವರು ಒರೆಸಿಕೊಂಡು ಮನೆಗೆ ಬರುತ್ತಾಳೆ. ಓಡೋದವಳು ಯಾರ ಜೊತೆಗೋ ಹೋಗಿರುತ್ತಾಳೆ.

"ಯಾವಾಗವ್ವಾ?"

"ಈಗ್ಲೇಯ. ಅಡ್ಗೆ ಮಾಡಿಟ್ಟು, ನಂಗ್ ಏಳೇ ಓದ್ಲು."

"ನಿಂಗ್ ಏಳಿ ಓದ್ಲಾ? ಏನಂದ್ಲು?"

"ಇವತ್ತು ಶಾನೆ ದೂರ ಓಯ್ತೀನಿ ಅತ್ತೆ, ಕಾಯ್ಬ್ಯಾಡಿ, ಉಂಡ್ಬುಡಿ ಅಂದ್ಲು."

"ಬ್ಯಾಡ ಅನ್ನಕ್ಕಾಗ್ಲಿಲ್ವಾ ನಿಂಗೆ?"

"ನಾನ್ಯಾಕ್ ಬ್ಯಾಡ ಅನ್ಲಿ? ದಿನಾ ಕಷ್ಟ ಪಡ್ತಾಳೆ, ಅವ್ಳಿಗೂ ಒಂಚೂರು ಸಂತೋಸ ಬ್ಯಾಡ್ವಾ."

ಸರ್ವಮಂಗಳಾ ಫೋನು ಇಟ್ಟಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಇಲ್ಲಿ ಎತ್ತು ಈದದ್ದಷ್ಟೇ ಅಲ್ಲ, ಅತ್ತೆಗೆ ಹೇಳಿ ಹೋಗಿ ಈದಿತ್ತು. ಆದರೂ ಯಾರಿಗೂ ಅನುಮಾನ ಬರಲಿಲ್ಲ. ಅವಳು ತಮ್ಮನಿಗೆ ಫೋನು ಮಾಡಿದಳು. ತಮ್ಮ ಶಶಿಕಿರಣ ಅಂಗಡಿ ಬಾಗಿಲು ಹಾಕಿದ. ಅರಕಲಗೂಡು ತಾಲ್ಲೂಕಿನ ರಂಜಿತಾಳ ತವರಿಗೂ ಸುದ್ದಿ ಮುಟ್ಟಿತು. ಅವಳ ಅಣ್ಣ ಕಾಂತರಾಜು ರಾಮನಾಥಪುರದಲ್ಲಿ ತಂಬಾಕು ಹರಾಜಿನಲ್ಲಿ ನಿಂತಿದ್ದವನು, ತನ್ನ ಬೇಲುಗಳ ಸರದಿ ಬರುವ ಮುಂಚೆಯೇ ಕಾರು ಹತ್ತಿದ.

ರಂಜಿತಾ ಆ ಹೊತ್ತಿಗೆ ಏರಿಯ ಮೇಲೆ ಒಬ್ಬಳೇ ಓಡುತ್ತಿದ್ದಳು. ಫೋನು ಸೊಂಟದ ಚೀಲದಲ್ಲಿತ್ತು. ಬರುತ್ತಾ ಕಡೆಯ ಎರಡು ಕಿಲೋಮೀಟರ್ ಕಾಲು ಕಲ್ಲಾಗಿದ್ದವು, ಆದರೂ ನಡೆಯಲಿಲ್ಲ. ಊರ ಹತ್ತಿರ ಬಂದು ನಿಂತು ಫೋನು ನೋಡಿದರೆ ಹದಿನೆಂಟು ತೋರಿಸಿತು. ಹದಿನೆಂಟು ಓಡಿದವಳು ಇಪ್ಪತ್ತೊಂದು ಓಡಲಾರಳೇ? ಅವಳಿಗೆ ನಗು ಬಂತು. ಒಬ್ಬಳೇ ನಗುತ್ತಾ ಬೀದಿಗೆ ತಿರುಗಿದಳು.

ಮನೆಯ ಮುಂದೆ ಅಣ್ಣನ ಕಾರು. ಬಾಗಿಲಲ್ಲಿ ರಾಶಿ ಚಪ್ಪಲಿ. ಅತ್ತೆಗೆ ಏನೋ ಆಯಿತು ಎಂದುಕೊಂಡಳು. ಸತ್ತುಹೋದ ಕಾಲುಗಳಿಗೆ ಎಲ್ಲಿಂದ ಜೀವ ಬಂತೋ, ಓಡಿಕೊಂಡೇ ಒಳಗೆ ನುಗ್ಗಿದಳು. ನಡುಮನೆಯಲ್ಲಿ ಗಂಡ, ಅಣ್ಣ, ಪಕ್ಕದ ಮನೆಯ ಇಬ್ಬರು. ಎಲ್ಲರೂ ತಲೆ ಎತ್ತಿ ಅವಳನ್ನು ನೋಡಿದರು. ಅಡಿಗೆಮನೆಯ ಹೊಸ್ತಿಲಲ್ಲಿ ಕಮಲಾಕ್ಷಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಎಲ್ಗೋಗಿದ್ದೆ?" ಎಂದ ಕಾಂತರಾಜು.

"ಓಡಕ್ಕೆ. ಯಾಕಣ್ಣ, ಏನಾಯ್ತು?"

"ಅದ್ನೇ ನಾನೂ ಬಡ್ಕಂಡಿದ್ದು," ಎಂದರು ಕಮಲಾಕ್ಷಮ್ಮ. "ಓಡಕ್ಕೋದ್ಲು ಅಂದ್ರೆ ಓಡೋದ್ಲು ಅಂತ ಕೇಳುಸ್ಕಂಡ್ರೆ ನಾನೇನ್ ಮಾಡ್ಲಿ? ಅವ್ಳ್ ಕಿವಿಗೆ ನನ್ ನಾಲ್ಗೆ ಕುಯ್ಸಬೇಕಾ?"

ರಂಜಿತಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮೊದಲು ನಗುವೇ ಬಂತು, ನಿಜ. ಇದು ಮುಂದೆ ಮದುವೆಮನೆಗಳಲ್ಲಿ ಹೇಳಿಕೊಂಡು ನಗುವಂಥ ಕಥೆ ಎಂದುಕೊಂಡು, ಮುಖ ತೊಳೆಯಲು ಟವೆಲ್ ತರೋಣವೆಂದು ರೂಮಿಗೆ ಹೋದಳು. ಅಲ್ಲಿ ಬೀರು ಬಾಗಿಲು ತೆರೆದಿತ್ತು. ಸೀರೆಗಳು ಕೆಳಗೆ ಬಿದ್ದಿದ್ದವು. ಮಂಚದ ಮೇಲೆ ಅವಳ ಒಡವೆಯ ಡಬ್ಬಿ, ಮುಚ್ಚಳ ತೆಗೆದಿತ್ತು.

ಒಡವೆ ಒಂದೂ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ನೋಡಿಯಾದರೂ ಅನುಮಾನ ಬರಬೇಕಿತ್ತು ಗಂಡನೆಂಬ ಆ ಮಹಾರಾಯನಿಗೆ. ರಂಜಿತಾ ಸೊಂಟದಿಂದ ಫೋನು ತೆಗೆದು ನೋಡಿದಳು. ಒಂದು ಮಿಸ್ ಕಾಲ್ ಇಲ್ಲ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ, ಚನ್ನರಾಯಪಟ್ಟಣದಿಂದ ರಾಮನಾಥಪುರಕ್ಕೆ ಫೋನು ಹಾರಾಡಿವೆ. ಹೋದಳು ಎನ್ನುವವಳ ಫೋನು ಒಂದು ಸಲ ಹೊಡೆದುಕೊಂಡಿಲ್ಲ.

ಅವಳು ನಡುಮನೆಗೆ ಬಂದು ಗಂಡನ ಮುಂದೆ ನಿಂತಳು.

"ನಂಗೆ ಒಂದ್ ಫೋನ್ ಮಾಡಬಾರ್ದಿತ್ತಾ?"

ಶಶಿಕಿರಣ ಕಾಂತರಾಜುವಿನ ಕಡೆ ನೋಡಿದ. "ಸ್ವಿಚಾಫ್ ಮಾಡ್ಕಂಡಿರ್ತೀಯ ಅನ್ಕಂಡೆ" ಎಂದ.

"ಮಗು ಸ್ಕೂಲಿಂದ ಸಂಜೆ ಬರುತ್ತೆ. ಅದನ್ನ ಬಿಟ್ಟು ಹೋದೆ ಅಂತ ನಂಬಿದ್ರಿ. ನಂಬಕ್ಕೆ ಎಷ್ಟೊತ್ತು ಬೇಕಾಯ್ತು ನಿಮಗೆ?"

"ಏನೀಗ, ಬಂದ್ಯಲ್ಲ. ಬುಡು."

ಕಾಂತರಾಜು ಮಧ್ಯೆ ಬಂದ. ತಂಗಿಯ ಮೇಲೆ ಪ್ರೀತಿ ಇಲ್ಲದವನಲ್ಲ ಅವನು. ಬೇಲುಗಳನ್ನು ಬಿಟ್ಟು ಬಂದ ಹೊಟ್ಟೆಯುರಿ ಬೇರೆ ಇತ್ತು. ಆಗಿದ್ದು ಆಗಿಹೋಯಿತು, ಯಾರದೂ ತಪ್ಪಿಲ್ಲ, ಕೇಳಿಸಿಕೊಂಡಿದ್ದರಲ್ಲಿ ವ್ಯತ್ಯಾಸ ಅಷ್ಟೇ ಎಂದು ಪಂಚಾಯ್ತಿ ಧಾಟಿಯಲ್ಲಿ ಹೇಳಿದ. ಆಮೇಲೆ ತೀರ್ಪು ಕೊಟ್ಟ.

"ಆದ್ರೂ ಊರಿಗೆಲ್ಲ ಗೊತ್ತಾಗೈತೆ. ಕೊಡದ ಬಾಯಿ ಮುಚ್ಬೋದು, ಊರ ಬಾಯಿ ಮುಚ್ಚಕ್ಕಾಯ್ತದಾ? ಈ ಓಡೋದು ಪಾಡೋದು ಎಲ್ಲ ಇವತ್ತಿಗೆ ಬುಟ್ಬುಡು ಕಣವ್ವ. ಹಾಸನಕ್ಕೂ ಓಗ್ಬ್ಯಾಡ."

ತಪ್ಪು ಕೇಳಿಸಿಕೊಂಡ ಕಿವಿಗೆ ಶಿಕ್ಷೆ ಇಲ್ಲ, ಬೀರು ತೆಗೆದ ಕೈಗೆ ಶಿಕ್ಷೆ ಇಲ್ಲ. ಶಿಕ್ಷೆ ಕಾಲಿಗೆ. ರಂಜಿತಾ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಎಷ್ಟು ಸುರಿದುಕೊಂಡರೂ ಉರಿ ಆರಲಿಲ್ಲ. ಸಂಜೆ ಐದಾಗುತ್ತಿತ್ತು, ಡೇರಿಗೆ ಹೊರಟಳು.

ಅಂದು ಡೇರಿಯಲ್ಲಿ ಒಬ್ಬರೂ ಜಗಳ ಮಾಡಲಿಲ್ಲ. ದಿನಾ ಫ್ಯಾಟು ಕಡಿಮೆ ಎಂದು ಕೂಗಾಡುವವರು ಚೀಟಿಯನ್ನು ನೋಡದೆಯೇ ಜೇಬಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದರು. ಹೆಂಗಸರು ಕ್ಯಾನು ಇಟ್ಟು ಅವಳ ಮುಖವನ್ನು ಕದ್ದು ನೋಡಿದರು. ಎರಡು ವರ್ಷದಿಂದ ಅವರ ಬೈಗುಳ ತಿಂದವಳಿಗೆ ಆ ಮೌನ ಅದಕ್ಕಿಂತ ಕಡೆ ಅನ್ನಿಸಿತು. ಎಲ್ಲರೂ ಸೇರಿ ಅವಳನ್ನು ಕ್ಷಮಿಸುತ್ತಿದ್ದರು.

ಬೈರಯ್ಯ ಅಳತೆಯ ಪಾತ್ರೆ ಕೆಳಗಿಟ್ಟು ಹತ್ತಿರ ಬಂದ. ಒಳ್ಳೆಯ ಮನುಷ್ಯ, ಅವಳನ್ನು ಮಗಳ ಹಾಗೆ ನೋಡಿಕೊಂಡವನು. ದನಿ ತಗ್ಗಿಸಿ ಹೇಳಿದ.

"ವಾಪಸ್ ಬಂದ್ಯಲ್ಲ ಬುಡವ್ವ. ಮನ್ಸ ಅಂದ್ಮೇಲೆ ಎಡವ್ತಾನೆ. ಮಗಿನ್ ಮಕ ನೋಡ್ಕಂಡು ಬಂದ್ಯಲ್ಲ, ಅದೇ ದೊಡ್ದು."

ಉರಿಯುವ ಬೆಂಕಿಗೆ ತುಪ್ಪ ಬಿದ್ದಂತಾಯಿತು. ರಂಜಿತಾ ಮಿಷನ್ ನಿಲ್ಲಿಸಿ ಎದ್ದು ನಿಂತಳು. ಸಾಲಿನಲ್ಲಿ ಊರಿನ ಅರ್ಧ ಜನ ಇದ್ದರು.

"ಎಲ್ರೂ ಕೇಳಿಸ್ಕಳಿ. ನಾನು ಓಡೋಗಿರಲಿಲ್ಲ. ಓಡಕ್ಕೆ ಹೋಗಿದ್ದೆ, ದಿನಾ ಹೋಗೋ ಹಂಗೆ, ನಿಮ್ಮ ಕಣ್ಮುಂದೇನೇ. ನನ್ನ ಸೊಂಟದಲ್ಲಿ ಫೋನಿತ್ತು. ನಂಬರು ನಿಮ್ಮೆಲ್ರ ಹತ್ರ ಐತೆ. ಫ್ಯಾಟ್ ಕಮ್ಮಿ ಬಂದ್ರೆ ಊಟಕ್ಕೆ ಕುಂತಾಗ್ಲೂ ಫೋನ್ ಮಾಡಿ ಬೈತೀರ. ಇವತ್ತು ಒಬ್ರೂ ಮಾಡ್ಲಿಲ್ಲ. ನನ್ನ ಗಂಡನೂ ಮಾಡ್ಲಿಲ್ಲ. ಬೀರು ತೆಗ್ದು ಒಡವೆ ಐತಾ ಅಂತ ನೋಡಿದ್ರು, ಅಷ್ಟೇಯ."

ಸಾಲಿನ ಹಿಂದಿನಿಂದ ಒಂದು ಹೆಣ್ಣು ದನಿ ಬಂತು.

"ನಿಮ್ಮೋರು ಬೀರಾದ್ರೂ ತೆಗುದ್ರು. ನಮ್ಮೋನಾಗಿದ್ರೆ, ಸಂಜೆಗೆ ಆಲು ಯಾರ್ ಕರೀತಾರೆ ಅಂತ ಕೇಳ್ತಿದ್ದ."

ಹೆಂಗಸರು ನಕ್ಕರು. ಒಬ್ಬಳು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಗಂಡಸರು ತಮ್ಮ ತಮ್ಮ ಕ್ಯಾನುಗಳೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡಿದರು. ರಂಜಿತಾ ನಗಲಿಲ್ಲ, ಕೂತು ಮುಂದಿನ ಹಾಲು ಹಿಡಿದಳು.

ಇದರ ಬಿಸಿ ತಟ್ಟಿದ್ದು ಈಶ್ವರಯ್ಯನವರಿಗೆ. ಮರುದಿನ ಬೆಳಿಗ್ಗೆ ಬಂದು, ಡೇರಿಯಲ್ಲಿ ಮನೆಯ ರಾದ್ಧಾಂತ ತರಬಾರದು ಎಂದು ಶುರುಮಾಡಿ ರಜೆಯ ವಿಷಯಕ್ಕೆ ಬಂದರು. ತಮ್ಮನ ಮಗನಿಗೆ ಬಿಡುವಿಲ್ಲವಂತೆ.

"ನೀನಿಲ್ದಿದ್ರೆ ನಿಮ್ಮನೆಯೋರೇ ಒಬ್ರು ಮಿಷನ್ ಮುಂದೆ ನಿಲ್ಬೇಕು ಕಣವ್ವ. ಎಚ್ಚು ಕಮ್ಮಿ ಆದ್ರೆ ನಾಳೆ ಯಾರ್ ಜವಾಬ್ದಾರಿ? ಇಲ್ಲಾಂದ್ರೆ ರಜಾ ಇಲ್ಲ."

ಮನೆಯವರು ಎಂದರೆ ಶಶಿಕಿರಣ. ಅವನು ಒಪ್ಪುವುದಿಲ್ಲ ಎಂದು ಗೊತ್ತಿದ್ದೇ ಅವರು ಹಾಗೆ ಹೇಳಿದ್ದು. ಒಪ್ಪಲೂ ಇಲ್ಲ. "ಸಂತೇಲಿ ನನ್ ಮಾನ ಅರಾಜ್ ಆಕ್ದಂಗೆ ಆಕ್ಬುಟ್ಟು, ಈಗ ಅದೇ ಜನರ ಮುಂದೆ ನನ್ನ ನಿಲ್ಲು ಅಂತೀಯಾ?" ಎಂದ. ಅವಳು, ನಾನು ನಿಲ್ಲಲಿಲ್ಲವೇ ಎಂದಳು. ಅವತ್ತಿನಿಂದ ಗಂಡ ಹೆಂಡತಿಗೆ ಮಾತಿಲ್ಲ. ಅವನು ಒಂದು ಸಂಜೆ ಮಲ್ಲಿಗೆ ತಂದ. ಅದು ದೇವರ ಮನೆ ಸೇರಿತು. ಅವಳಿಗೆ ಬೇಕಾಗಿದ್ದು ತಪ್ಪಾಯಿತು ಎಂಬ ಒಂದು ಮಾತು, ಮತ್ತು ಒಂದು ಭಾನುವಾರದ ಬೆಳಿಗ್ಗೆ. ಎರಡೂ ಸಿಗುವ ಹಾಗೆ ಕಾಣಲಿಲ್ಲ.

ಓಡುವುದನ್ನು ಮಾತ್ರ ಬಿಡಲಿಲ್ಲ. ಅಣ್ಣ ಫೋನು ಮಾಡಿ ಗದರಿದ, ಆದರೂ ಬಿಡಲಿಲ್ಲ. ಈಗ ಬೈಕಿನವರು ಯಾರೂ ನಿಲ್ಲಿಸುತ್ತಿರಲಿಲ್ಲ. ದೂರದಿಂದ ಕಂಡರೆ ಗಾಡಿಯ ವೇಗ ಹೆಚ್ಚಿಸಿ ಮುಂದೆ ಹೋಗಿಬಿಡುತ್ತಿದ್ದರು. ಅದೂ ಒಂದು ಸಿಟ್ಟಾಯಿತು ಅವಳಿಗೆ.

ಇನ್ನು ಮೂರು ದಿನ ಇದೆ ಎನ್ನುವಾಗ ಬಾಯಿ ಬಿಟ್ಟದ್ದು ಕಮಲಾಕ್ಷಮ್ಮ. ಮಗ ಊಟಕ್ಕೆ ಕೂತಿದ್ದ. ಅವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದುರಿಗೆ ಕೂತರು.

"ಶಶಿ, ಭಾನ್ವಾರ ಡೇರಿಗೆ ನೀನ್ ಓಯ್ತೀಯೋ, ನಾನ್ ಓಗಿ ಕುಂತ್ಕಳ್ಲೋ?"

"ನಿಂಗ್ ಮಿಷನ್ ಬತ್ತದೇನವ್ವ?"

"ಬರಲ್ಲ. ಎಲ್ರಿಗೂ ಒಂದೇ ಫ್ಯಾಟ್ ಬರೀತೀನಿ. ಆಗ ಊರ್ನೋರೇ ಬಂದು ನಿನ್ ಕೇಳ್ತಾರೆ. ನನ್ ಒಂದ್ ಮಾತಿಗೆ ಅವ್ಳ ಮರ್ವಾದೆ ಓಯ್ತು. ಮಾತ್ ನಂದು, ನಂಬ್ದೋನು ನೀನು. ಆ ಎಣ್ಮಗ ಯಾಕ್ ಮನೇಲಿ ಕುಂತಿರ್ಬೇಕು?"

ಶಶಿಕಿರಣ ತಟ್ಟೆ ನೋಡುತ್ತಾ ಊಟ ಮುಗಿಸಿದ. "ಮಿಷನ್ ಕಲ್ಸು ಅನ್ನು ಅವ್ಳಿಗೆ" ಎಂದ. ಎರಡು ಸಂಜೆ ಅಂಗಡಿಯಿಂದ ಬೇಗ ಬಂದು ಡೇರಿಯಲ್ಲಿ ಅವಳ ಪಕ್ಕ ನಿಂತ. ಈ ಬಟನ್ ಒತ್ತಿ, ಇದು ತೊಳೀರಿ, ಈಗ ಚೀಟಿ ಹರೀರಿ ಎಂಬುದನ್ನು ಬಿಟ್ಟು ಅವಳು ಒಂದು ಮಾತು ಹೆಚ್ಚಿಗೆ ಆಡಲಿಲ್ಲ.

ಭಾನುವಾರ ಹಾಸನದಲ್ಲಿ ಹಲ್ಲು ಕಟಕಟಿಸುವ ಚಳಿ. ಮೈಗಂಟಿದ ಬಣ್ಣಬಣ್ಣದ ಉಡುಪಿನವರ ನಡುವೆ ರಂಜಿತಾ ಚೂಡಿದಾರದಲ್ಲೇ ನಿಂತಳು. ಸೀಟಿ ಊದಿದರು, ಎಲ್ಲರೂ ಹೊರಟರು. ಮೊದಲ ಅರ್ಧ ದಾರಿ ಅವಳು ಓಡಲಿಲ್ಲ, ಜಗಳವಾಡಿದಳು. ಅಣ್ಣನಿಗೆ ಹೇಳಬೇಕಾಗಿದ್ದು, ಸರ್ವಮಂಗಳಾಳಿಗೆ ಹೇಳಬೇಕಾಗಿದ್ದು, ಈಶ್ವರಯ್ಯನವರಿಗೆ ಹೇಳಬೇಕಾಗಿದ್ದು ಎಲ್ಲವನ್ನೂ ಒಳಗೊಳಗೇ ಹೇಳಿದಳು. ಗಂಡನಿಗೆ ಹೇಳುವ ಸರದಿ ಬಂದಾಗ ಉಸಿರು ಸಾಲಲಿಲ್ಲ. ಆಮೇಲೆ ಬಿಸಿಲು ಏರಿತು, ಮಂಡಿ ನೋಯಿತು, ಹದಿನೆಂಟು ದಾಟಿತು. ಅದರಾಚೆಗೆ ಅವಳು ಯಾವತ್ತೂ ಹೋಗಿರಲಿಲ್ಲ. ಕಡೆಯ ಮೂರು ಕಿಲೋಮೀಟರ್ ಅಳುತ್ತಾ ಓಡಿದಳು ಎಂದು ಅವಳೇ ಹೇಳುತ್ತಾಳೆ, ನಾಚಿಕೆಯಿಲ್ಲದೆ. ಮುಂದೆಯೂ ಅಲ್ಲ, ತೀರಾ ಹಿಂದೆಯೂ ಅಲ್ಲ, ನಡುವೆ ಎಲ್ಲೋ ಮುಗಿಸಿದಳು. ಯಾರೋ ಹುಡುಗಿ ಕೊರಳಿಗೆ ಮೆಡಲ್ ಹಾಕಿ ಬಾಳೆಹಣ್ಣು ಕೊಟ್ಟಳು. ಸಂತೋಷವಾಯಿತು, ಬಹಳ. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು.

ಬಸ್ಸಿಳಿದು ಕಾಲೆಳೆದುಕೊಂಡು ಮನೆಗೆ ಬಂದಾಗ ಮಧ್ಯಾಹ್ನ. ಮಗಳು ಪ್ರೇಕ್ಷಾ ಮೆಡಲ್ ಕಿತ್ತುಕೊಂಡು ಅಜ್ಜಿಗೆ ತೋರಿಸಲು ಓಡಿದಳು. ಶಶಿಕಿರಣ ಅಡಿಗೆಮನೆಯಲ್ಲಿದ್ದ. ಅಂಗಿಯ ತುಂಬ ಹಾಲಿನ ಕಲೆ, ಮುಖ ಬಾಡಿತ್ತು. ಅವಳು ನೆಲದ ಮೇಲೆ ಕಾಲು ಚಾಚಿ ಕೂತಳು. ಅವನು ತಟ್ಟೆ ಇಟ್ಟು ಮುದ್ದೆ ಹಾಕಿದ, ಸಾರು ಬಡಿಸಿದ. ಹನ್ನೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ. ಆಮೇಲೆ ಎದುರಿಗೆ ಕೂತ.

"ಬೆಳಿಗ್ಗೆ ಮೂರ್ ಜನ ಬೈದ್ರು. ಒಬ್ಬ ಚೀಟಿ ಮಕಕ್ಕೆ ಎಸ್ದ. ದಿನಾ ಇಂಗೇನಾ ಅಂತ ಬೈರಯ್ಯನ್ ಕೇಳ್ದೆ. ಇವತ್ತು ಭಾನ್ವಾರ, ಸ್ವಲ್ಪ ಕಮ್ಮಿ ಅಂದ."

ಅವಳು ಮುದ್ದೆ ಮುರಿದಳು.

"ಅವತ್ತು ಕೇಳ್ದಲ್ಲ, ನಂಬಕ್ಕೆ ಎಷ್ಟೊತ್ತು ಬೇಕಾಯ್ತು ಅಂತ." ಅವನು ನೆಲ ನೋಡುತ್ತಾ ಹೇಳಿದ. "ಒಂದ್ ಗಳಿಗೆನೂ ಬೇಕಾಗ್ಲಿಲ್ಲ ಕಣೆ. ನಿನ್ ಮೇಲೆ ಅನ್ಮಾನ ಇತ್ತು ಅಂತಲ್ಲ. ಈ ಮನೇಲಿ ಇವ್ಳು ಇರಕ್ಕೆ ಏನೈತೆ, ನಾನ್ ಏನ್ ಮಾಡಿದೀನಿ ಅಂತ ಎಲ್ಲೋ ಒಳ್ಗೆ ಗೊತ್ತಿತ್ತು ಅನ್ಸುತ್ತೆ. ಅದುಕ್ಕೇ ಫೋನ್ ಮಾಡಕ್ಕೆ ಎದ್ರಿಕೆ ಆಯ್ತು. ನೀನ್ ಎತ್ತಿ ಔದು ಅಂದ್ಬುಟ್ರೆ?"

ಮೂರು ವಾರದಿಂದ ರಂಜಿತಾ ತಪ್ಪಾಯಿತು ಎಂಬ ಮಾತಿಗೆ ಕಾದಿದ್ದಳು, ಅದಕ್ಕೆ ಕೊಡಬೇಕಾದ ಉತ್ತರವನ್ನೂ ಮಸೆದಿಟ್ಟುಕೊಂಡಿದ್ದಳು. ಬಂದದ್ದು ಬೇರೆ ಮಾತು. ಅಳು ಬರಲಿಲ್ಲ, ಕರುಣೆಯೂ ಬರಲಿಲ್ಲ. ಗೊತ್ತಿದ್ದೂ ಹನ್ನೊಂದು ವರ್ಷ ಸುಮ್ಮನಿದ್ದನಲ್ಲ ಎಂದು ಹೊಸದಾಗಿ ಸಿಟ್ಟು ಬಂತು. ಕೈಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಅವನ ಮುಖ ನೋಡಿ ಹೇಳಿದಳು.

"ಹೋಗೋ ಹಂಗಿದ್ರೆ ನಿಮ್ಮ ಎದುರಿಗೆ ನಿಂತು ಹೇಳ್ತೀನಿ. ಓಡೋಗಲ್ಲ ನಾನು. ನಡ್ಕಂಡೇ ಹೋಗ್ತೀನಿ."

ಅವನು ತಲೆಯಾಡಿಸಿದ. ಇನ್ನೊಂದು ಮುದ್ದೆ ಹಾಕಲೇ ಎಂದು ಕೇಳಿದ. ಹಾಕಿ ಎಂದಳು.